ಬಾಗಿಲಿಗೆ ಕಟ್ಟಿದ ಹಸಿರು ಬಳೆ

ಬೋರ್ಡಿನ ಮೇಲೆ ಬರೆಯುವಾಗ ನನ್ನ ಬಲಗೈಯ ಬಳೆಗಳು ಸದ್ದು ಮಾಡುತ್ತವೆ. ಸೇಡಂನ ಈ ಹೆಣ್ಣುಮಕ್ಕಳ ಶಾಲೆಗೆ ಪಾಠ ಹೇಳಲು ಬಂದ ಹೊಸದರಲ್ಲಿ, ಬರೆಯುವ ಮುನ್ನ ಅವನ್ನು ಮೊಣಕೈ ಕಡೆಗೆ ಸರಿಸಿ ಬಿಗಿಮಾಡಿಕೊಳ್ಳುತ್ತಿದ್ದೆ. ಹಿಂದಿನ ಸಾಲಿನ ಹುಡುಗಿಯರು ಅದನ್ನು ಗಮನಿಸಿ ತಾವೂ ಹಾಗೆಯೇ ಮಾಡತೊಡಗಿದರು. ಅದು ಓದಿದ ಹೆಂಗಸರ ಶೋಕಿ ಎಂದು ತಿಳಿದಿದ್ದರಂತೆ. ಶೋಕಿಯಲ್ಲ. ಆ ಸದ್ದು ಕೇಳಿದರೆ ಇಂದಿಗೂ ನನಗೆ ಮೊದಲು ನಾಚಿಕೆಯಾಗುತ್ತದೆ. ಏಕೆಂದು ಯಾರಿಗೂ ಹೇಳಿಲ್ಲ. ಹೇಳುವ ಸ್ವಭಾವ ನನ್ನದಲ್ಲ. ಬರೆಯುವುದು ಸ್ವಲ್ಪ ಸುಲಭ.

ನಾವು ಇದ್ದದ್ದು ವಾಡಿಯ ರೈಲ್ವೆ ಕಾಲೊನಿಯಲ್ಲಿ. ಮುಂಬೈ, ಮದರಾಸು, ಸಿಕಂದರಾಬಾದು ಮೂರೂ ಕಡೆಯ ಹಳಿಗಳು ಅಲ್ಲಿ ಬಂದು ಕೂಡುತ್ತವೆ. ಅಪ್ಪ ಸಿಗ್ನಲ್ ಕ್ಯಾಬಿನ್ನಿನಲ್ಲಿ ಕೆಲಸಕ್ಕಿದ್ದ. ಹಳಿಗಳ ಪಕ್ಕದಲ್ಲಿ ಎತ್ತರಕ್ಕೆ ಕಟ್ಟಿದ, ಸುತ್ತಲೂ ಗಾಜಿನ ಕಿಟಕಿಯ ಕೋಣೆ. ಒಳಗೆ ಸಾಲಾಗಿ ಎದೆಮಟ್ಟದ ಕಬ್ಬಿಣದ ಹಿಡಿಕೆಗಳು. ಒಂದನ್ನು ಎಳೆದರೆ ದೂರದಲ್ಲೆಲ್ಲೋ ಹಳಿ ಸರಿಯುತ್ತದೆ, ಇನ್ನೊಂದನ್ನು ಎಳೆದರೆ ಸಿಗ್ನಲ್ಲಿನ ಕೈ ಇಳಿಯುತ್ತದೆ. ಅವನ್ನು ಬರಿಗೈಯಿಂದ ಮುಟ್ಟುವಂತಿರಲಿಲ್ಲ. ಕೈಬೆವರಿಗೆ ಕಬ್ಬಿಣ ತುಕ್ಕು ಹಿಡಿಯುತ್ತದೆಂದು ಬಟ್ಟೆ ಹಿಡಿದೇ ಎಳೆಯಬೇಕು. ಅದಕ್ಕಾಗಿ ಅವ್ವನ ಹಳೆಯ ಸೀರೆಯ ಒಂದು ತುಂಡು ಯಾವಾಗಲೂ ಅಪ್ಪನ ಹೆಗಲ ಮೇಲಿರುತ್ತಿತ್ತು. ಮನೆಗೆ ಬಂದ ಮೇಲೂ ಅಪ್ಪ ಬಾಗಿಲ ಚಿಲಕವನ್ನು, ನೀರಿನ ತಂಬಿಗೆಯನ್ನು ಅದೇ ಬಟ್ಟೆಯಿಂದ ಹಿಡಿಯುತ್ತಿದ್ದ. ನಾವು ನಕ್ಕರೆ ತನ್ನ ಕೈಯನ್ನು ತಾನೇ ನೋಡಿಕೊಂಡು ನಗುತ್ತಿದ್ದ.

ಆ ಮನೆಯಲ್ಲಿ ನಾನು ಲಗ್ನವಾಗಿ ಹೋಗಿ ಮರಳಿ ಬಂದ ಮಗಳು. ಮೆಟ್ರಿಕ್ ಮುಗಿಸಿದ ವರ್ಷವೇ ನನ್ನನ್ನು ಚಿಂಚೋಳಿ ತಾಲ್ಲೂಕಿನ ಐನಾಪುರಕ್ಕೆ ಕೊಟ್ಟಿದ್ದರು. ವರ್ಷ ತುಂಬುವ ಮೊದಲೇ ಗಂಡ ಜ್ವರದಿಂದ ತೀರಿಕೊಂಡ. ಅವನ ಬಗ್ಗೆ ಬರೆಯುವಷ್ಟು ನನಗೆ ಗೊತ್ತಿಲ್ಲ. ಮೆಲುದನಿಯವ, ಹೊಲದಿಂದ ಬರುವಾಗ ಧೋತರದ ತುದಿಯಲ್ಲಿ ಹಸಿ ತೊಗರಿಕಾಯಿ ಕಟ್ಟಿಕೊಂಡು ಬಂದು ಯಾರೂ ನೋಡದಾಗ ಕೊಡುತ್ತಿದ್ದ. ಅವನು ಹೋದ ದಿನ ನನ್ನ ಬಳೆಗಳನ್ನು ಅಂಗಳದ ಕಲ್ಲಿಗೆ ಒಡೆದರು. ಆಮೇಲೆ ಆ ಮನೆಯಲ್ಲಿ ನನ್ನನ್ನು ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ. ದನದ ಕೊಟ್ಟಿಗೆಗೆ ಹತ್ತಿದ ಕೋಣೆಯಲ್ಲಿ ಇಟ್ಟರು, ಕೆಲಸ ಹೇಳುವುದಕ್ಕಷ್ಟೇ ಮಾತಾಡಿಸಿದರು. ಒಂದು ಮಳೆಗಾಲ, ಒಂದು ಚಳಿಗಾಲ ಹಾಗೆ ಕಳೆಯಿತು. ಒಂದು ದಿನ ಕರುವನ್ನು ಗದರಿಸಲು ಬಾಯಿ ತೆರೆದಾಗ ಬಂದ ದನಿ ನನ್ನದೆಂದು ನನಗೇ ಗುರುತು ಹತ್ತಲಿಲ್ಲ. ಅಂದು ಹೆದರಿದೆ.

ಅಪ್ಪ ಬಂದು ನನ್ನನ್ನು ಕರೆದುಕೊಂಡು ಹೋಗುತ್ತೇನೆಂದ. ಹಿರಿಯರು ಕೂಡಿದರು. ಸೊಸೆ ಗಂಡನ ಮನೆಯ ಹೊಣೆ ಎಂದು ಭಾವ, ಅಂದರೆ ನನ್ನ ಗಂಡನ ಅಣ್ಣ, ಪಟ್ಟು ಹಿಡಿದ. ಹಾಸಿಗೆ ಹಿಡಿದ ಮುದುಕಿ ತಾಯಿಯನ್ನು ನೋಡಿಕೊಳ್ಳಲು ಆ ಮನೆಗೆ ಎರಡು ಕೈ ಬೇಕಾಗಿದ್ದವು. ಕೊನೆಗೆ ಆದ ತೀರ್ಮಾನ ಇಷ್ಟು: ಅಪ್ಪನಿಗೆ ವಾಡಿಯ ಮನೆ ಇರುವವರೆಗೆ ನಾನು ಅವನ ಹತ್ತಿರ ಇರಬಹುದು. ಆ ಮನೆ ಹೋದ ದಿನ ಐನಾಪುರಕ್ಕೆ ಮರಳಬೇಕು. ಸನ್ನತಿಯಲ್ಲಿ ಅಪ್ಪನ ಅಣ್ಣತಮ್ಮಂದಿರ ಕೂಡುಮನೆ ಇತ್ತು, ಆದರೆ ಅವರು ಮೊದಲೇ ಹೇಳಿಬಿಟ್ಟಿದ್ದರು: ತಮಗೂ ಲಗ್ನಕ್ಕೆ ಬಂದ ಹೆಣ್ಣುಮಕ್ಕಳಿದ್ದಾರೆ, ಗಂಡ ಸತ್ತವಳನ್ನು ಮನೆಯಲ್ಲಿ ಇಟ್ಟುಕೊಳ್ಳಲಾಗದು. ಹೀಗೆ ವಾಡಿಯ ಎರಡು ಕೋಣೆಯ ರೈಲ್ವೆ ಮನೆಯೊಂದೇ ನನಗೆ ಉಳಿದದ್ದು. ಅಪ್ಪನ ನೌಕರಿಯಿಂದ ಸಿಕ್ಕ ಪಾಸಿನ ಮೇಲೆಯೇ ದಿನಾಲೂ ಗಾಡಿಯಲ್ಲಿ ಗುಲಬರ್ಗಾಕ್ಕೆ ಹೋಗಿ ಬಿ.ಎ. ಓದುತ್ತಿದ್ದೆ. ಹಣೆಗೆ ವಿಭೂತಿ, ಬರಿಗೈ, ಎದೆಗವಚಿಕೊಂಡ ಪುಸ್ತಕ. ರೈಲಿನ ಡಬ್ಬಿಯಲ್ಲಿ ಎದುರಿಗೆ ಕುಳಿತ ಹೆಂಗಸರು ಮೊದಲು ಕೈ ನೋಡಿ, ಆಮೇಲೆ ಮುಖ ನೋಡುತ್ತಿದ್ದರು. ನಾನು ಸೆರಗಿನಲ್ಲಿ ಕೈ ಮುಚ್ಚಿಕೊಳ್ಳುವುದನ್ನು ಕಲಿತೆ.

ರೈಲಿನವರ ದೊಡ್ಡ ಮುಷ್ಕರ ಬಂದದ್ದು ನಾನು ಬಿ.ಎ. ಕೊನೆಯ ವರ್ಷದಲ್ಲಿದ್ದ ಬೇಸಿಗೆಯಲ್ಲಿ. ಆ ಸಲ ಬಿಸಿಲು ಎಷ್ಟಿತ್ತೆಂದರೆ ಅಂಗಳದ ಶಹಾಬಾದು ಕಲ್ಲಿನ ಮೇಲೆ ಸಂಜೆಯಾದರೂ ಬರಿಗಾಲು ಇಡಲಾಗುತ್ತಿರಲಿಲ್ಲ. ಸಿಮೆಂಟು ಕಾರ್ಖಾನೆಯ ಬೂದಿಬಣ್ಣದ ಧೂಳು ಬೇವಿನ ಎಲೆಗಳ ಮೇಲೆ ಕುಳಿತು ಗಿಡಗಳೆಲ್ಲ ಮುದಿಯಾದಂತೆ ಕಾಣುತ್ತಿದ್ದವು. ಮುಷ್ಕರಕ್ಕೆ ಹೋದವರ ಮನೆ ಖಾಲಿ ಮಾಡಿಸುತ್ತಾರೆಂಬ ಮಾತು ಮೊದಲೇ ಹಬ್ಬಿತ್ತು. ಆದರೂ ನಮ್ಮ ಸಾಲಿನವರೆಲ್ಲ ಹೋಗುವುದೆಂದೇ ನಿರ್ಧರಿಸಿದ್ದರು.

ನಮ್ಮ ಗೋಡೆಗೆ ಗೋಡೆ ಹತ್ತಿದ ಮನೆಯವನು ಇಂಜಿನ್ನಿಗೆ ಕಲ್ಲಿದ್ದಲು ಹಾಕುವ ಫೈರ್‌ಮನ್. ನಾನು ಅವನನ್ನು ಕಾಕಾ ಎನ್ನುತ್ತಿದ್ದೆ, ಅವನ ಹೆಂಡತಿಯನ್ನು ಚಿಗವ್ವ ಎನ್ನುತ್ತಿದ್ದೆ. ಅವ್ವ ಮತ್ತು ಚಿಗವ್ವ ಒಂದೇ ಮೊರದಲ್ಲಿ ಜೋಳ ಕೇರುವವರು. ಮುಷ್ಕರದ ಹಿಂದಿನ ಸಂಜೆ ಕಾಕಾ ಬಂದು ನಮ್ಮ ಕಟ್ಟೆಯ ಮೇಲೆ ಕುಳಿತ. ಎಲ್ಲರೂ ಒಂದಾಗಿ ನಿಂತರೆ ಯಾರನ್ನೂ ಹೊರಗೆ ಹಾಕಲಾರರು, ಕ್ಯಾಬಿನ್ನಿನವರು ಕೈಬಿಟ್ಟರೆ ಮಾತ್ರ ಎಲ್ಲ ಕೆಡುತ್ತದೆ ಎಂದು ಬಹಳ ಹೊತ್ತು ಹೇಳಿದ. ಅಪ್ಪ ಹೆಗಲ ಬಟ್ಟೆಯನ್ನು ಮಡಚುತ್ತ ಕೇಳಿದ. ಒಮ್ಮೆ ಮಾತ್ರ ತಿರುಗಿ ಒಳಗೆ ನೋಡಿದ. ಒಳಗೆ ನಾನು ಪುಸ್ತಕ ಹಿಡಿದು ಕುಳಿತಿದ್ದೆ. ಆ ನೋಟವನ್ನು ಕಾಕಾನೂ ಕಂಡ. ಎದ್ದು ಧೂಳು ಕೊಡವಿಕೊಂಡು ಹೋದ.

ಮರುದಿನ ಬೆಳಿಗ್ಗೆ ಅಪ್ಪ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಡ್ಯೂಟಿಗೆ ಹೊರಟ. ಓಣಿಯ ಎರಡೂ ಕಡೆ ಬಾಗಿಲುಗಳಲ್ಲಿ ಜನ ನಿಂತಿದ್ದರು. ಅಪ್ಪ ತಲೆ ತಗ್ಗಿಸದೆ, ಯಾರನ್ನೂ ನೋಡದೆ, ತನಗೆ ಗೊತ್ತಿರದ ಊರಿನಲ್ಲಿ ನಡೆಯುವವನ ಹಾಗೆ ನಡೆದು ಹೋದ. ಬಾಗಿಲ ಸಂದಿಯಿಂದ ಅವನ ಬೆನ್ನು ನೋಡುತ್ತ ನಿಂತಿದ್ದ ನನಗೆ ಒಂದೇ ಯೋಚನೆ ಬಂತು: ನಾನು ಆ ಕೊಟ್ಟಿಗೆಯ ಕೋಣೆಯಲ್ಲೇ ಇದ್ದುಬಿಟ್ಟಿದ್ದರೆ ಅಪ್ಪ ಇವತ್ತು ಇವರೆಲ್ಲರ ಜೊತೆ ಕಟ್ಟೆಯ ಮೇಲೆ ಕುಳಿತಿರುತ್ತಿದ್ದ.

ಕೆಲಸಕ್ಕೆ ಹೋದ ಕೆಲವೇ ಮಂದಿಯನ್ನು ಸ್ಟೇಷನ್ನಿನೊಳಗೇ ಪೊಲೀಸರ ಕಾವಲಿನಲ್ಲಿ ಇಟ್ಟುಕೊಂಡರು. ಊಟ, ನಿದ್ದೆ ಎಲ್ಲ ಅಲ್ಲೇ. ಅಪ್ಪ ಮನೆಗೆ ಬರುವಂತಿರಲಿಲ್ಲ, ನಾವು ಹೋಗುವಂತಿರಲಿಲ್ಲ. ಕಾಕಾನನ್ನೂ ಇನ್ನು ಕೆಲವರನ್ನೂ ಹಿಡಿದುಕೊಂಡು ಹೋಗಿ ಗುಲಬರ್ಗಾದ ಜೈಲಿನಲ್ಲಿ ಇಟ್ಟರು. ಕಾಲೊನಿಯಲ್ಲಿ ಉಳಿದದ್ದು ಹೆಂಗಸರು, ಮಕ್ಕಳು, ಮತ್ತು ನೀರಿನ ನಳ. ಆ ಒಂದೇ ನಳಕ್ಕೆ ಎಲ್ಲರೂ ಬರಬೇಕು. ನಾವು ಕೊಡ ಹಿಡಿದು ಹೋದರೆ ಮಾತು ನಿಲ್ಲುತ್ತಿತ್ತು. ಒಂದು ದಿನ ಒಬ್ಬಾಕೆ ತನ್ನ ಕೊಡ ಪಕ್ಕಕ್ಕೆ ಸರಿಸಿ ದಾರಿ ಬಿಟ್ಟಳು.

"ಅಕ್ಕಾವ್ರಿಗಿ ಮೊದ್ಲು ಬಿಡ್ರೆವ್ವ. ಅವರ ಮನ್ಯಾಗ ಸರಕಾರ ಅದ."

"ಅಣ್ಣಾರಿಗಿ ಟೇಶನ್ದಾಗ ಪೂರಿ-ಬಾಜಿ ನಡದದಂತ," ಎಂದಳು ಚಿಗವ್ವ, ನಮ್ಮ ಕಡೆ ನೋಡದೆ. "ನಮ್ಮವ್ರಿಗಿ ಜೇಲಿನ ರೊಟ್ಟಿ."

ಅವ್ವ ಕೊಡ ತುಂಬಿಸುತ್ತ, ಯಾರೋ ಆರೋಗ್ಯ ವಿಚಾರಿಸಿದರೆ ಹೇಳುವ ಹಾಗೆ, "ಪೂರಿ ಅವರಿಗಿ ಹಿಡಸಂಗಿಲ್ಲವ್ವ, ಹೊಟ್ಟಿ ಕೆಡ್ತದ," ಎಂದಳು. ಯಾರೋ ಒಬ್ಬಳು ಕಿಸಕ್ಕನೆ ನಕ್ಕು, ನಗಬಾರದೆಂದು ನೆನಪಾಗಿ ಸುಮ್ಮನಾದಳು. ಚಿಗವ್ವ ಮಾತ್ರ ನಗಲಿಲ್ಲ. ಇನ್ನು ಮುಂದೆ ಆ ಮನೆಯ ನೀರು ಕೂಡ ಕುಡಿಯುವುದಿಲ್ಲವೆಂದು ಎಲ್ಲರಿಗೂ ಕೇಳುವಂತೆ ಹೇಳಿ ಹೋದಳು.

ಬಳೆ ಬಂದದ್ದು ಅದಾದ ಮೂರನೆಯದೋ ನಾಲ್ಕನೆಯದೋ ಬೆಳಿಗ್ಗೆ. ಅವ್ವ ಬಾಗಿಲು ತೆರೆದಾಗ ಗಲ್ ಎಂದಿತು. ಹೊರಗಿನ ಚಿಲಕಕ್ಕೆ ಹಸಿರು ಗಾಜಿನ ಬಳೆಗಳನ್ನು ದಾರದಲ್ಲಿ ಪೋಣಿಸಿ ಕಟ್ಟಿದ್ದರು. ಅಂಜುಬುರುಕ ಗಂಡಸಿಗೆ ಬಳೆ ಕಳಿಸುವುದು ನಮ್ಮ ಕಡೆ ಹೊಸದಲ್ಲ. ಡ್ಯೂಟಿಗೆ ಹೋದ ಬೇರೆಯವರ ಬಾಗಿಲುಗಳಿಗೂ ಕಟ್ಟಿದ್ದರೆಂದು ಆಮೇಲೆ ತಿಳಿಯಿತು. ಆದರೆ ನಮ್ಮ ಬಾಗಿಲಿಗೆ ಕಟ್ಟಿದವರು ಆ ಬಾಗಿಲ ಒಳಗೆ ನಾನಿದ್ದೇನೆ ಎಂಬುದನ್ನು ಮರೆತಿದ್ದರು.

ಅವ್ವ ಹೊಸ್ತಿಲಲ್ಲೇ ನಿಂತು ತಿರುಗಿ ನನ್ನನ್ನು ನೋಡಿದಳು. ನಾನು ಏನೋ ಕದ್ದವಳ ಹಾಗೆ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡೆ. ಅಪ್ಪನಿಗಾದ ಅವಮಾನಕ್ಕೆ ನನಗೆ ಸಿಟ್ಟು ಬರಬೇಕಾಗಿತ್ತು. ಅಳು ಬಂದಿದ್ದರೂ ನಡೆಯುತ್ತಿತ್ತು. ಎರಡೂ ಬರಲಿಲ್ಲ. ಎಳೆಬಿಸಿಲು ಬಳೆಗಳ ಮೂಲಕ ಹಾಯ್ದು ಬಾಗಿಲ ಮೇಲೆ ಹಸಿರು ಬೆಳಕು ಚೆಲ್ಲಿತ್ತು. ಇವನ್ನು ಹಾಕಿಕೊಂಡರೆ ನನ್ನ ಕೈ ಹೇಗೆ ಕಾಣಬಹುದು ಎಂದು ಯೋಚಿಸುತ್ತ ನಿಂತಿದ್ದೆ. ಅಪ್ಪನ ಮುಖಕ್ಕೆ ಮಸಿ ಬಳಿಯಲು ಬಂದ ವಸ್ತುವನ್ನು ನಾನು ಆಸೆಯಿಂದ ನೋಡುತ್ತಿದ್ದೇನೆ ಎಂದು ಹೊಳೆದಾಗ ಕಿವಿಯವರೆಗೆ ಮುಖ ಬಿಸಿಯಾಯಿತು. ಅವ್ವನಿಗೆ ಗೊತ್ತಾಯಿತೋ ಏನೋ. ಅವಳು ದಾರ ಬಿಚ್ಚಿಕೊಂಡಳು. ಬಳೆಯನ್ನು ಮುತ್ತೈದೆ ಒಡೆಯುವಂತಿಲ್ಲ, ಎಸೆಯುವಂತಿಲ್ಲ. ಅವಳ ಕೈಗೆ ಅವು ಚಿಕ್ಕವು. ಒಲೆಯ ಮೇಲಿನ ಗೂಟಕ್ಕೆ ತೂಗುಹಾಕಿ, "ಮನಿಗಿ ಬಂದಾವ, ಇರ್ಲಿ," ಎಂದಳು.

ಆಮೇಲಿನ ದಿನಗಳಲ್ಲಿ ನಾನು ಒಲೆಯ ಕಡೆ ಹೋಗುವುದನ್ನು ಕಡಿಮೆ ಮಾಡಿದೆ. ಹೋದರೆ ಕಣ್ಣು ಅಲ್ಲಿಗೇ ಹೋಗುತ್ತಿತ್ತು.

ಮನೆ ಖಾಲಿ ಮಾಡಿಸುವವರು ಬಂದದ್ದು ಮಧ್ಯಾಹ್ನದ ಬಿಸಿಲಿನಲ್ಲಿ. ಚಿಗವ್ವನ ಪಾತ್ರೆ, ಕೌದಿ, ಜೋಳದ ಚೀಲ, ಬೀಸುಕಲ್ಲು ಎಲ್ಲವನ್ನೂ ಓಣಿಯಲ್ಲಿಟ್ಟು ಬಾಗಿಲಿಗೆ ಬೀಗ ಹಾಕಿದರು. ಅವಳು ಎರಡು ಸಣ್ಣ ಮಕ್ಕಳನ್ನು ಕಟ್ಟಿಕೊಂಡು ಬೇವಿನ ಗಿಡದ ಕೆಳಗೆ ಕುಳಿತಳು. ಅವಳ ತವರು ಕುರಕುಂಟಾ. ದಿನಾಲೂ ಆ ಕಡೆ ಹೋಗುವ ಗಾಡಿಗಳು ನಿಂತುಹೋಗಿದ್ದವು. ಅವಳಂತೆಯೇ ಹೊರಬಿದ್ದ ಇನ್ನೂ ಕೆಲವರು ಊರೊಳಗಿನ ಪರಿಚಯದವರ ಮನೆಗಳಿಗೆ ಹೋದರು. ಚಿಗವ್ವ ಅಲ್ಲೇ ಉಳಿದಳು.

ಮುಷ್ಕರಕ್ಕೆ ಹೋದವರ ಮನೆಯವರನ್ನು ಒಳಗೆ ಸೇರಿಸಿಕೊಂಡರೆ ಸೇರಿಸಿಕೊಂಡವರ ಮನೆಯೂ ಹೋಗುತ್ತದೆಂದು ಬೀಗ ಹಾಕಿದವರು ಓಣಿಯಲ್ಲಿ ಕೂಗಿ ಹೇಳಿಹೋಗಿದ್ದರು. ಅವ್ವ ಬಾಗಿಲಲ್ಲಿ ನಿಂತು ಒಮ್ಮೆ ಗಿಡದ ಕಡೆ ನೋಡಿದಳು, ಒಮ್ಮೆ ನನ್ನ ಕಡೆ ನೋಡಿದಳು. ನನ್ನ ಸಲುವಾಗಿ ಆ ಮನೆ ಉಳಿಸಲು ಅಪ್ಪ ಏನೇನು ಬಿಟ್ಟುಕೊಟ್ಟಿದ್ದನೋ ಅದೆಲ್ಲ ನನ್ನನ್ನು ಕೇಳದೆಯೇ ನಡೆದಿತ್ತು. ಈಗ ಅವ್ವ ಕೇಳುತ್ತಿದ್ದಳು. ನಾನು ಹೊರಗೆ ಹೋಗಿ ಚಿಗವ್ವನ ಕೌದಿಗಳನ್ನು ಎತ್ತಿಕೊಂಡು ಒಳಗೆ ತಂದೆ. ಅದೇನು ದೊಡ್ಡ ಧೈರ್ಯವಲ್ಲ. ಅವಳ ಮಕ್ಕಳ ತುಟಿಗಳು ಒಣಗಿ ಬಿಳುಪಾಗಿದ್ದವು. ನಮ್ಮ ತಲೆಯ ಮೇಲೆ ಇನ್ನೂ ಸೂರು ಇದ್ದದ್ದು ಯಾಕೆಂದು ನನಗೆ ಗೊತ್ತಿತ್ತು.

ಚಿಗವ್ವ ಏಳಲಿಲ್ಲ. "ಬ್ಯಾಡಕ್ಕಾ. ನಿಮ್ಮ ಮನಿ ನೀರ ಕುಡಿಯಂಗಿಲ್ಲಂತ ನಳದ ಮ್ಯಾಲ ಎಲ್ಲಾರ ಮುಂದ ಹೇಳೀನಿ."

"ನೀರ ಕುಡೀಬ್ಯಾಡ," ಎಂದಳು ಅವ್ವ. "ಮಜ್ಜಿಗಿ ಕುಡಿ."

ಸಂಜೆ ಚಿಗವ್ವ ಕೇಳದೆಯೇ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯತೊಡಗಿದಳು. ಎರಡು ರೊಟ್ಟಿ ಆದಮೇಲೆ ತಲೆ ಎತ್ತಿದವಳು ಗೂಟ ನೋಡಿದಳು. ಹಂಚಿನ ಮೇಲಿನ ರೊಟ್ಟಿ ಹೊತ್ತಿ ವಾಸನೆ ಬರುವವರೆಗೂ ಹಾಗೆಯೇ ಕುಳಿತಿದ್ದಳು. ಆಮೇಲೆ ಅವ್ವನಿಗೆ ಮೆಲ್ಲಗೆ ಹೇಳಿದಳು, ಅವನ್ನು ಕಟ್ಟಿದವಳು ತಾನೇ ಎಂದು. ಗೊತ್ತಿದೆ ಎಂದಳು ಅವ್ವ. ವರ್ಷಗಟ್ಟಲೆ ಒಂದೇ ಹಗ್ಗಕ್ಕೆ ಬಟ್ಟೆ ಒಣಹಾಕಿದವಳಿಗೆ ಚಿಗವ್ವ ಹಾಕುವ ಗಂಟು ಗೊತ್ತಿರದೆ ಇರುತ್ತದೆಯೇ.

"ಕಟ್ಟೂಮುಂದ ಈ ಹುಡುಗಿ ನೆನಪಾಗ್ಲಿಲ್ಲಕ್ಕಾ. ಮನಿಗಿ ಹೋದ ಮ್ಯಾಲ ನೆನಪಾತು. ಬಿಚ್ಚಾಕಂತ ಬಂದೆ. ಅಷ್ಟರಾಗ ನೀ ಬಾಗ್ಲಾ ತಗದಿದ್ದಿ."

ಅವಳು ನನ್ನ ಮುಖ ನೋಡುತ್ತಿರಲಿಲ್ಲ, ನನ್ನ ಕೈ ನೋಡುತ್ತಿದ್ದಳು. ಅಷ್ಟು ವರ್ಷ ಎಲ್ಲರೂ ನೋಡಿದ್ದು ಕೈಯನ್ನೇ. ಆದರೆ ಅಂದು ಮೊದಲ ಸಲ ನೋಡಿದವರಿಗೂ ನಾಚಿಕೆಯಾದದ್ದನ್ನು ಕಂಡೆ. ನನಗೆ ಏನಾಯಿತೋ ತಿಳಿಯದು.

"ಕೊಡ್ರಿ ಚಿಗವ್ವ," ಎಂದೆ. "ನಾ ಹಾಕೋತೀನಿ."

ಚಿಗವ್ವ ಅವ್ವನ ಕಡೆ ನೋಡಿದಳು. ಅವ್ವ ಎದ್ದು ಹೋದಳು, ಸಿಟ್ಟಾದಳೆಂದು ತಿಳಿದೆ. ಬಟ್ಟಲಲ್ಲಿ ನೀರು, ಸಾಬೂನಿನ ತುಂಡು ತಂದು ಚಿಗವ್ವನ ಮುಂದಿಟ್ಟಳು. "ಕೊರಳಾಗ ಲಿಂಗ ಅದ. ಕೊರಳಿಗಿ ಇಲ್ಲದ ಸೂತಕ ಕೈಗ್ಯಾಕ," ಎಂದು, ತನಗೆ ತಾನೇ ಹೇಳಿಕೊಂಡಂತೆ ಹೇಳಿ, ಹೊತ್ತಿದ ರೊಟ್ಟಿಯನ್ನು ಹಂಚಿನಿಂದ ತೆಗೆದಳು.

ಚಿಗವ್ವ ಬಳೆಗಾರರ ಹಾಗೆ ನನ್ನ ಕೈಯನ್ನು ತನ್ನ ಮೊಣಕಾಲ ಮೇಲಿಟ್ಟುಕೊಂಡು ಸಾಬೂನು ಹಚ್ಚಿ, ಬೆರಳುಗಳನ್ನು ಕೂಡಿಸಿ ಒತ್ತಿದಳು. ನೋವಾಯಿತು. ಯಾರಾದರೂ ನನ್ನ ಕೈಯನ್ನು ಹಾಗೆ ಗಟ್ಟಿಯಾಗಿ ಹಿಡಿದು ಎಷ್ಟು ಕಾಲವಾಗಿತ್ತೆಂದು ಅಂದೇ ನೆನಪಾದದ್ದು. ಬಳೆಗಳು ಒಂದೊಂದಾಗಿ ಏರಿದವು. ಕೈ ಎತ್ತಿದಾಗ ಸದ್ದಾಯಿತು. ನನಗೆ ಸಂತೋಷವಾಯಿತು. ಕಾಕಾ ಜೈಲಿನಲ್ಲಿ, ಅವನ ಮಕ್ಕಳು ನಮ್ಮ ನೆಲದ ಮೇಲೆ, ಅಪ್ಪ ಪೊಲೀಸರ ನಡುವೆ. ಅಂಥ ಹೊತ್ತಿನಲ್ಲಿ ನನಗೆ ಸಂತೋಷವಾಯಿತು. ಅದನ್ನು ಇಲ್ಲವೆನ್ನಲಾರೆ, ಹೆಮ್ಮೆಯಿಂದಲೂ ಹೇಳಲಾರೆ.

ಮರುದಿನ ನಳಕ್ಕೆ ಹೋದೆ. ಚಿಗವ್ವ ನನ್ನ ಜೊತೆ ಬಂದಳು. ಕೊಡಕ್ಕೆ ಬಳೆ ತಾಗಿ ಸದ್ದಾಗುತ್ತಿತ್ತು. ಹೆಂಗಸರು ಗುರುತು ಹಿಡಿದರು, ಅವು ಯಾವ ಬಳೆ ಎಂದು ಅವರಿಗೆಲ್ಲ ಗೊತ್ತಿತ್ತು. ಅಂದು ನಳದ ಹತ್ತಿರ ಯಾರೂ ಚುಚ್ಚು ಮಾತಾಡಲಿಲ್ಲ. ಒಬ್ಬ ಮುದುಕಿ ಕೊಡವನ್ನು ನನ್ನ ಸೊಂಟಕ್ಕೆ ಎತ್ತಿಕೊಟ್ಟಳು.

ಕೆಲವು ದಿನಗಳಲ್ಲಿ ಮುಷ್ಕರ ಮುರಿಯಿತು. ಗೆದ್ದವರು ಯಾರೂ ನಮ್ಮ ಓಣಿಯಲ್ಲಿ ಇರಲಿಲ್ಲ. ಅಪ್ಪ ಮನೆಗೆ ಬಂದ. ಗಡ್ಡ ಬೆಳೆದಿತ್ತು, ಹೆಗಲ ಬಟ್ಟೆ ಎಣ್ಣೆ ಕುಡಿದು ಕಪ್ಪಾಗಿತ್ತು. ಬಾಗಿಲಲ್ಲಿ ಗುರುತಿನ ಮಕ್ಕಳು ಆಡುತ್ತಿದ್ದುದನ್ನು, ಒಳಗೆ ಚಿಗವ್ವ ಸೆರಗು ಎಳೆದುಕೊಂಡು ಸರಿದುದನ್ನು ನೋಡಿದ. ಅವಳ ಬೀಗ ಹಾಕಿದ ಬಾಗಿಲನ್ನೂ ನೋಡಿದ. ತಿರುಗಿ ಕಟ್ಟೆಯ ಮೇಲೆ ಕುಳಿತ. ಅವನ ಕಣ್ಣು ಒಮ್ಮೆ ನನ್ನ ಕೈ ಮೇಲೆ ನಿಂತು ಸರಿಯಿತು. ನಾನು ಸೆರಗಿನಿಂದ ಕೈ ಮುಚ್ಚಿಕೊಂಡೆ. ಬಾಗಿಲಿಗೆ ಬಳೆ ಕಟ್ಟಿದ ವಿಷಯ ಅಪ್ಪನಿಗೆ ತಿಳಿಯದ ಹಾಗೆ ಇರಬೇಕೆಂದು ಅವ್ವ ನಮಗೆಲ್ಲ ಹೇಳಿದ್ದಳು. ಚಿಗವ್ವ ಊಟದ ತಾಟನ್ನು ಹೊರಗೆ ತಂದಿಟ್ಟು, ಗೋಡೆಯ ಕಡೆ ಮುಖ ಮಾಡಿ, "ಉಣ್ರಿ ಅಣ್ಣಾರ," ಎಂದಳು. ಅಷ್ಟು ದಿನಗಳಲ್ಲಿ ಕಾಲೊನಿಯವರು ಅಪ್ಪನಿಗೆ ಆಡಿದ ಮೊದಲ ಮಾತು ಅದು.

ಭಾವ ಬಂದದ್ದು ಅದೇ ವಾರ. ವಾಡಿಯಲ್ಲಿ ರೈಲಿನವರ ಮನೆಗಳನ್ನು ಖಾಲಿ ಮಾಡಿಸುತ್ತಿದ್ದಾರೆಂಬ ಸುದ್ದಿ ಚಿಂಚೋಳಿಗೂ ಮುಟ್ಟಿತ್ತು. ನನ್ನನ್ನು ಕರೆದೊಯ್ಯಲು ಬಂದಿದ್ದ. ಅಪ್ಪ ಅವನನ್ನು ಹಗ್ಗದ ಮಂಚದ ಮೇಲೆ ಕೂಡಿಸಿದ. ಮನೆ ಹೋಗಿಲ್ಲವೆಂದು ಅಪ್ಪ ಹೇಳಿದ ಮೇಲೆ ಭಾವ ಪಡಸಾಲೆಯಲ್ಲಿ ಒಟ್ಟಿದ ಬೇರೆಯವರ ಸಾಮಾನುಗಳನ್ನು, ಮಕ್ಕಳನ್ನು ನೋಡಿ, ಇವರು ಯಾರೆಂದು ಕೇಳಿದ. ಪಕ್ಕದ ಮನೆಯವರು, ಮನೆ ಹೋಗಿದೆ ಎಂದ ಅಪ್ಪ.

"ಹಂಗಾದ್ರ ಇವತ್ತ ಅವರದು, ನಾಳಿ ನಿಮ್ದು," ಎಂದ ಭಾವ. "ನಾ ಮತ್ತೊಮ್ಮಿ ಬರೂದು ಬ್ಯಾಡ ಬೀಗರ. ಹಿರ್ಯಾರ ಮಾತು ನಿಮಗೂ ನೆನಪದ. ಈಗೇ ಕಳಸ್ರಿ."

ಅಪ್ಪ ತಲೆ ಬಗ್ಗಿಸಿದ. ಸ್ಟೇಷನ್ನಿಗೆ ನಡೆದು ಹೋದ ದಿನ ಬಗ್ಗಿಸದ ತಲೆ ಅದು. ನಾನು ಚಹದ ಕಪ್ಪು ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಒಳಗಿನಿಂದ ಅವ್ವ ನನ್ನ ಸೆರಗು ಹಿಡಿದು ಎಳೆದಳು, ಹೋಗಬೇಡವೆಂದು. ನಾನು ಹೋದೆ. ಕಪ್ಪು ಮುಂದೆ ಹಿಡಿದಾಗ ಬಳೆಗಳು ಅದಕ್ಕೆ ತಾಗಿದವು. ಭಾವ ಕಪ್ಪು ತೆಗೆದುಕೊಂಡವನು ಕುಡಿಯದೆ ನನ್ನ ಕೈ ನೋಡಿದ.

"ಇವು ಯಾರ ಹೆಸರಿನ ಬಳಿ?"

ಸುಳ್ಳು ಹೇಳಬಹುದಾಗಿತ್ತು. ಸುಮ್ಮನೆ ಒಳಗೆ ಹೋಗಬಹುದಾಗಿತ್ತು. ಐನಾಪುರದಲ್ಲಿ ಕಳೆದುಕೊಂಡಿದ್ದ ದನಿ ಆಗ ಬಂತು, ಬೇಡವಾದಷ್ಟು ಗಟ್ಟಿಯಾಗಿ ಬಂತು.

"ನಮ್ಮಪ್ಪನ ಹೆಸರಿಗಿ ಬಂದಾವ. ಡ್ಯೂಟಿಗಿ ಹೋದ ಅಂತ ಬಾಗ್ಲಕ್ಕ ಕಟ್ಟಿದ್ರು. ಅಪ್ಪ ಮನ್ಯಾಗ ಇದ್ದಿಲ್ಲ. ನಾ ಹಾಕೊಂಡೀನಿ."

ಭಾವ ಕಪ್ಪನ್ನು ನೆಲಕ್ಕಿಟ್ಟು ಎದ್ದ. ಅವನು ಕೂಗಾಡಲಿಲ್ಲ. ಇಂಥ ಕೈ ತಮ್ಮ ಮನೆಗೆ ಬೇಡ, ತಮ್ಮನಿಗೆ ಲಗ್ನವೇ ಆಗಿರಲಿಲ್ಲವೆಂದು ತಿಳಿಯುತ್ತೇವೆ, ಇನ್ನು ಹಿರಿಯರನ್ನು ಕೂಡಿಸುವ ಕಾರಣವೂ ಉಳಿಯಲಿಲ್ಲ ಎಂದು ಅಪ್ಪನಿಗೆ ಹೇಳಿ, ಚಪ್ಪಲಿ ಮೆಟ್ಟಿಕೊಂಡು ಹೋದ. ಐನಾಪುರದವರು ಆಮೇಲೆ ಎಂದೂ ಬರಲಿಲ್ಲ.

ನಾನು ಉಳಿದೆ. ಉಳಿದದ್ದಕ್ಕೆ ಸಂತೋಷಪಡಲು ತಿರುಗಿದಾಗ ಅಪ್ಪನ ಮುಖ ಕಂಡಿತು. ತನ್ನ ಬಾಗಿಲಿಗೆ ಬಳೆ ಕಟ್ಟಿದ್ದು ಅಪ್ಪನಿಗೆ ಗೊತ್ತಾದದ್ದು ಹೀಗೆ, ಬೀಗರ ಎದುರಿಗೆ, ಮಗಳ ಬಾಯಿಂದ. ಅಪ್ಪ ನನ್ನ ಕೈಯಲ್ಲಿದ್ದ ಬಳೆಗಳನ್ನು ನೋಡುತ್ತಿದ್ದ. ಆಗ ನನಗೆ ಇನ್ನೊಂದೂ ಹೊಳೆಯಿತು. ಮುಷ್ಕರಕ್ಕೆ ಮೊದಲೇ, ಯಾವುದಾದರೂ ಒಂದು ದಿನ, ಶಹಾಬಾದಿನ ಸಂತೆಯಲ್ಲಿ ನಾಲ್ಕು ಬಳೆ ಹಾಕಿಸಿಕೊಂಡು ಐನಾಪುರದವರ ಎದುರಿಗೆ ನಿಂತಿದ್ದರೆ ಇಷ್ಟೇ ಆಗುತ್ತಿತ್ತು. ಅವರು ನನ್ನನ್ನು ಬಿಟ್ಟುಬಿಡುತ್ತಿದ್ದರು. ಅಪ್ಪ ಆ ಮನೆಗಾಗಿ ಓಣಿಯಲ್ಲಿ ಒಬ್ಬನೇ ನಡೆದು ಹೋಗಬೇಕಾಗಿರಲಿಲ್ಲ. ಬೇಕಾದ ಧೈರ್ಯ ಒಂದು ಹಿಡಿ ಗಾಜಿನಷ್ಟಾಗಿತ್ತು. ಅದು ನನಗೆ ಬರಲಿಲ್ಲವೆಂದು ಅಪ್ಪ ತನ್ನ ಹೆಸರನ್ನು ಕೊಟ್ಟ. ಇದನ್ನು ನಾನು ಎಷ್ಟೋ ಸಲ ಬೇರೆ ಬೇರೆ ರೀತಿ ಯೋಚಿಸಿದ್ದೇನೆ. ಯಾವ ರೀತಿ ಯೋಚಿಸಿದರೂ ನಾಚಿಕೆ ಕಡಿಮೆಯಾಗಿಲ್ಲ.

ಅಪ್ಪ ಹೆಗಲ ಮೇಲಿನ ಬಟ್ಟೆ ತೆಗೆದು, ಭಾವ ನೆಲಕ್ಕಿಟ್ಟಿದ್ದ ಕಪ್ಪನ್ನು ಅದರಿಂದ ಹಿಡಿದು ಎತ್ತಿಕೊಂಡ. "ಚಾ ಆರ್ತದ," ಎಂದು ತಾನೇ ಕುಡಿದ.

ಗಾಡಿಗಳು ಸರಿಯಾಗಿ ನಡೆಯತೊಡಗಿದ ಮೇಲೆ ಚಿಗವ್ವ ಮಕ್ಕಳನ್ನು ಕರೆದುಕೊಂಡು ಕುರಕುಂಟಾಕ್ಕೆ ಹೋದಳು. ಆ ಗಾಡಿಗೆ ಸಿಗ್ನಲ್ ಇಳಿಸಿದವನು ಅಪ್ಪ. ಕ್ಯಾಬಿನ್ ದಾಟುವಾಗ ಅವಳು ಕಿಟಕಿಯಿಂದ ಕೈ ಎತ್ತಿದಳಂತೆ. ಅಪ್ಪ ಎರಡೂ ಕೈಯಲ್ಲಿ ಹಿಡಿಕೆ ಹಿಡಿದಿದ್ದನಾದ್ದರಿಂದ ತಲೆ ಆಡಿಸಿದನಂತೆ. ಜೈಲಿನಿಂದ ಬಂದ ಕಾಕಾನಿಗೆ ನೌಕರಿ ಇರಲಿಲ್ಲ. ಶಹಾಬಾದಿನ ಕಲ್ಲಿನ ಗಣಿಯಲ್ಲಿ ಕೆಲಸ ಮಾಡಿಕೊಂಡಿದ್ದು, ಕೆಲವು ವರ್ಷಗಳ ನಂತರ ಮತ್ತೆ ಇಂಜಿನ್ನಿಗೆ ಮರಳಿದ. ಅವನು ಅಪ್ಪನೊಂದಿಗೆ ಮೊದಲಿನ ಹಾಗೆ ಕಟ್ಟೆಯ ಮೇಲೆ ಕುಳಿತದ್ದನ್ನು ನಾನು ನೋಡಿಲ್ಲ. ಎದುರಿಗೆ ಸಿಕ್ಕರೆ ಬೀಡಿ ಕೊಡುತ್ತಿದ್ದ. ಅಪ್ಪ ಬೀಡಿ ಸೇದುತ್ತಿರಲಿಲ್ಲ. ಆದರೂ ತೆಗೆದುಕೊಂಡು ಕಿಸೆಯಲ್ಲಿ ಇಟ್ಟುಕೊಳ್ಳುತ್ತಿದ್ದ.

ಆ ವರ್ಷದ ಶ್ರಾವಣದಲ್ಲಿ ಒಂದು ಸಂಜೆ ಅಪ್ಪ ಡ್ಯೂಟಿ ಮುಗಿಸಿ ತಡವಾಗಿ ಬಂದ. ಶಹಾಬಾದಿಗೆ ಹೋಗಿದ್ದನಂತೆ. ಬಟ್ಟೆ ಹೆಗಲ ಮೇಲಿರಲಿಲ್ಲ, ಗಂಟಾಗಿ ಕೈಯಲ್ಲಿತ್ತು. ನನ್ನ ಮುಂದಿಟ್ಟು ಬಿಚ್ಚಿದ. ಎಣ್ಣೆಯ ಕಲೆಗಳ ನಡುವೆ ಹಸಿರು ಬಳೆಗಳು ಇದ್ದವು. ದಾರಿಯಲ್ಲಿ ಒಡೆಯದಂತೆ ಮಡಿಕೆಯೊಳಗೆ ಮಡಿಕೆ ಮಾಡಿ ಸುತ್ತಿದ್ದ.

"ಇವು ಬ್ಯಾರೆ," ಎಂದ. "ಅಂಗಡ್ಯಾಗ ನಾನೇ ತಂದೀನಿ. ಅವು ತಗದು ಇವು ಹಾಕೋ."

ಅವು ನನಗೆ ಚಿಕ್ಕವು. ಲಗ್ನದಲ್ಲಿ ನನ್ನ ಕೈ ಎಷ್ಟಿತ್ತೋ ಆ ಅಳತೆಯನ್ನೇ ಅಪ್ಪ ನೆನಪಿಟ್ಟುಕೊಂಡು ಬಳೆಗಾರನಿಗೆ ಹೇಳಿದ್ದ. ಆಮೇಲೆ ನಾನು ಬೆಳೆದಿದ್ದೆ. ಅಪ್ಪ ಎದುರಿಗೆ ಕುಳಿತು ನೋಡುತ್ತಿದ್ದ. ನಾನು ಹಳೆಯವನ್ನು ತೆಗೆದು, ಬಚ್ಚಲಿಗೆ ಹೋಗಿ ಸಾಬೂನು ಹಚ್ಚಿಕೊಂಡು, ಬೆರಳು ಕೂಡಿಸಿ ಒತ್ತಿದೆ. ಒಂದು ಮುರಿದು ಹೆಬ್ಬೆರಳ ಬುಡದಲ್ಲಿ ಗೀರು ಬಿತ್ತು. ಉಳಿದವು ಏರಿದವು. ರಕ್ತ ತೊಳೆದುಕೊಂಡು, ಮುರಿದ ಚೂರುಗಳನ್ನು ಬಚ್ಚಲ ಮೂಲೆಯಲ್ಲಿ ಮುಚ್ಚಿಟ್ಟು, ಹೊರಗೆ ಬಂದು ಕೈ ತೋರಿಸಿದೆ.

"ಸರಿ ಆಗ್ಯಾವೇನು?" ಎಂದು ಕೇಳಿದ ಅಪ್ಪ.

"ಸರಿ ಆಗ್ಯಾವ," ಎಂದೆ.

ಅಪ್ಪ ಬಟ್ಟೆಯನ್ನು ಝಾಡಿಸಿ, ಮಡಚಿ, ಹೆಗಲಿಗೆ ಹಾಕಿಕೊಂಡ.